ಭಾನುವಾರದ ರಸ್ತೆ

ಸಿಗ್ನಲ್ ದೀಪ ಕೆಂಪಗಿತ್ತು. ಯುರಾನಿ ನಿಲ್ಲಲಿಲ್ಲ.

ಹತ್ತು ವರ್ಷದ ಹುಡುಗಿ. ಬೆನ್ನು ನೆಟ್ಟಗಿತ್ತು, ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಸರಿಯಾಗಿ ಬಿಗಿದಿತ್ತು, ಎರಡೂ ಕೈ ಸೈಕಲ್ಲಿನ ಹ್ಯಾಂಡಲಿನ ಮೇಲಿದ್ದವು. ಯಾವ ತಪ್ಪೂ ಮಾಡದವಳ ಹಾಗೆ ಕೂಡುರಸ್ತೆಯ ನಟ್ಟನಡುವಿಗೆ ಬಂದಳು. ಆಲೂಗಡ್ಡೆ ಮೂಟೆ ಹೇರಿಕೊಂಡು ಬರುತ್ತಿದ್ದ ವ್ಯಾನೊಂದು ಕಿರ್ರೆಂದು ಬ್ರೇಕು ಹಾಕಿ ನಿಂತಿತು. ಯುರಾನಿ ಅತ್ತ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಪೂರಾ ಸೈಕಲ್ ಕಲಿಸಿದ ಎತೆಲ್ವಿನಾಳ ಮೇಲಿತ್ತು. ದಾಟಿ ಹೋಗುವಾಗ ಒಂದು ನಗೆಯನ್ನೂ ಕೊಟ್ಟಳು.

ವ್ಯಾನಿನವನು ಕಿಟಕಿಯಿಂದ ತಲೆ ಹಾಕಿ ಕೇಳಿದ, "ಅಜ್ಜೀ, ಮಕ್ಕಳಿಗೆ ಇನ್ನೂ ಬಣ್ಣ ಹೇಳಿಕೊಟ್ಟಿಲ್ವಾ?"

ಎತೆಲ್ವಿನಾ ದೀಪದ ಕಂಬದ ಬುಡದಲ್ಲಿ, ಕಿತ್ತಳೆ ಬಣ್ಣದ ತೋಳಿಲ್ಲದ ಜಾಕೀಟು ತೊಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳಿಗೆ ಸನ್ನೆ ಮಾಡಬಾರದು ಎಂದು ನಗರಸಭೆಯಿಂದ ಬಂದಿದ್ದ ಲಿಸೆತ್ ಮೊದಲೇ ಹೇಳಿದ್ದಳು. ಅದಕ್ಕೇ ಕೈ ಕಟ್ಟಿಕೊಂಡಿದ್ದು. ಪಕ್ಕದಲ್ಲೇ ಲಿಸೆತಳ ಪೆನ್ಸಿಲು ಹಾಳೆಯ ಮೇಲೆ ಕತ್ತರಿ ಗುರುತು ಹಾಕಿದ ಸದ್ದು ಕೇಳಿಸಿತು.

ಒಂಬತ್ತು ಮಕ್ಕಳು. ಬೇಕರಿಯ ಮೂಲೆಯಿಂದ ಒಬ್ಬೊಬ್ಬರಾಗಿ ಹೊರಟು, ದೀಪದ ಹತ್ತಿರ ನಿಂತು, ಹಸಿರಾದ ಮೇಲೆ ದಾಟಿ, ಮುಂದಿನ ತಿರುವಿನಲ್ಲಿ ಕೈ ಚಾಚಿ ತೋರಿಸಿ, ಒಂದು ಸುತ್ತು ಹಾಕಿ ವಾಪಸು ಬರಬೇಕು. ವಾರದ ದಿನ, ಬಸ್ಸು ಕಾರುಗಳ ನಡುವೆ. ಅಷ್ಟೇ ಪರೀಕ್ಷೆ. ಯುರಾನಿ ಕೆಂಪಿನಲ್ಲೇ ದಾಟಿದಳು. ಅವಳ ಹಿಂದೆ ಬಂದ ಸ್ನೈಡರ್ ರಸ್ತೆಯ ನಡುವಿನ ಹಳದಿ ಗೆರೆಯ ಮೇಲೇ ತುಳಿದುಕೊಂಡು ಬಂದ, ಹಗ್ಗದ ಮೇಲೆ ನಡೆಯುವವನ ಹಾಗೆ. ಮೂರನೆಯವನು ಸುತ್ತು ಮುಗಿಸಿ ಎದುರು ದಿಕ್ಕಿನ ಕಡೆಯಿಂದ, ಬಸ್ಸುಗಳಿಗೆ ಮುಖ ಕೊಟ್ಟುಕೊಂಡು ವಾಪಸಾದ. ಎಲ್ಲರೂ ಚೆನ್ನಾಗಿ ತುಳಿದರು. ಒಬ್ಬರೂ ಬೀಳಲಿಲ್ಲ. ಆದರೂ ಒಂಬತ್ತರಲ್ಲಿ ಏಳು ಮಂದಿ ಫೇಲು.

ಪಾಸಾದ ಇಬ್ಬರು ಅಕ್ಕತಂಗಿಯರು. ಎಂಟು ಭಾನುವಾರಗಳ ತರಬೇತಿಯಲ್ಲಿ ಆರಕ್ಕೆ ಚಕ್ಕರ್ ಹೊಡೆದವರು ಅವರೇ. ಅವರ ಮಾವ ಮನೆಮನೆಗೆ ಹಾಲು ಹಾಕುವವನು. ವಾರದ ದಿನಗಳಲ್ಲಿ ಅವನ ಸೈಕಲ್ಲಿನ ಹಿಂದೆ ಹೋಗಿ ಹೋಗಿ ಕಲಿತಿದ್ದರು.

ಎತೆಲ್ವಿನಾಗೆ ಅದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಥವಾದಾಗ ಕಿವಿಯ ತನಕ ಬಿಸಿಯಾಯಿತು.

ಆಕೆ ಆರು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಏಳರಿಂದ ಎರಡರವರೆಗೆ ಹೆದ್ದಾರಿಯ ಒಂದು ಕೂಡುರಸ್ತೆಯಲ್ಲಿ ಬಿಟ್ಟಿ ಸೇವೆಗೆ ನಿಲ್ಲುವವಳು. ಭಾನುವಾರ ಬೊಗೊಟಾದ ದೊಡ್ಡ ದೊಡ್ಡ ರಸ್ತೆಗಳಲ್ಲಿ ಕಾರು ಬಸ್ಸು ಇಲ್ಲ. ರಸ್ತೆಯೆಲ್ಲ ಸೈಕಲ್ಲಿನವರದು, ಓಡುವವರದು, ನಾಯಿ ಹಿಡಿದುಕೊಂಡು ಬರುವವರದು. ದೀಪಗಳು ತಮ್ಮ ಪಾಡಿಗೆ ಕೆಂಪು ಹಸಿರು ಆಗುತ್ತಿರುತ್ತವೆ, ಯಾರೂ ಲೆಕ್ಕಕ್ಕಿಡುವುದಿಲ್ಲ. ಅಡ್ಡರಸ್ತೆಯ ವಾಹನಗಳನ್ನು ಬಿಡಬೇಕಾದಾಗ ಎತೆಲ್ವಿನಾ ಕೋಲಿಗೆ ಅಂಟಿಸಿದ ದುಂಡು ಹಲಗೆಯನ್ನು ಎತ್ತುತ್ತಾಳೆ. ಕೆಂಪು ಬದಿ ತೋರಿಸಿದರೆ ಸಾವಿರ ಜನ ನಿಲ್ಲುತ್ತಾರೆ, ಹಸಿರು ಬದಿ ತಿರುಗಿಸಿದರೆ ಸಾವಿರ ಜನ ಹೊರಡುತ್ತಾರೆ. ಮೂವತ್ತು ವರ್ಷ ಗುಲಾಬಿ ತೋಟದ ಶೆಡ್ಡಿನಲ್ಲಿ ಹೂ ಕಟ್ಟು ಕಟ್ಟಿದ ಹೆಂಗಸಿಗೆ ಅದೇನು ಸಣ್ಣ ಮಾತಲ್ಲ.

ಎಲ್ ಹುಂಕಾಲ್ ಬಡಾವಣೆಯ ಮಕ್ಕಳಿಗೆ ಆಕೆ ಸೈಕಲ್ ಕಲಿಸಿದ್ದೂ ಅಲ್ಲಿಯೇ. ಶಾಲೆಯ ಅಂಗಳದಲ್ಲಿ ಬೆಳಗಿನ ಪಾಳಿಯೂ ಮಧ್ಯಾಹ್ನದ ಪಾಳಿಯೂ ನಡೆದು ಒಂದು ಗಳಿಗೆ ಖಾಲಿ ಇರುತ್ತಿರಲಿಲ್ಲ. ಪಾರ್ಕಿನ ಸಿಮೆಂಟು ಮೈದಾನ ಚೆಂಡಾಟದವರ ಪಿತ್ರಾರ್ಜಿತ. ಉಳಿದದ್ದು ಭಾನುವಾರದ ರಸ್ತೆ. ಅಗಲವಾಗಿತ್ತು, ನುಣ್ಣಗಿತ್ತು, ಮೇಲಾಗಿ ಆಕೆಯ ಕಣ್ಣೆದುರಿಗಿತ್ತು. ಮಕ್ಕಳು ಎಷ್ಟು ಬೇಗ ಕಲಿತರೆಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದಳು.

"ಡೋನ್ಯಾ ಎತೆಲ್ವಿನಾ," ಲಿಸೆತ್ ಹಿರಿಯರಿಗೆ ಕೊಡುವ ಮರ್ಯಾದೆಯಲ್ಲೇ ಮೆಲ್ಲಗೆ ಹೇಳಿದಳು, "ಇವರಿಗೆ ಸೈಕಲ್ ಬರುತ್ತೆ. ಬಹಳ ಚೆನ್ನಾಗಿ ಬರುತ್ತೆ. ಆದರೆ ಭಾನುವಾರ ಮಾತ್ರ ಬರುತ್ತೆ."

"ಗೊತ್ತಾಯ್ತಮ್ಮ."

"ಎಂಟು ಮಂದಿ ಪಾಸಾಗದೆ ನಾನು ಸೈಕಲ್ ಬಿಟ್ಟುಹೋಗೋ ಹಾಗಿಲ್ಲ. ಕಾಲುವೆ ಆಚೆಯ ಶಾಲೆಯವರು ಇವೇ ಸೈಕಲ್ಲಿಗೆ ಎರಡು ತಿಂಗಳಿಂದ ಕಾಯ್ತಿದ್ದಾರೆ."

ಅದೂ ಗೊತ್ತಿತ್ತು. ನಗರಸಭೆಯ ಹತ್ತು ಸೈಕಲ್ಲುಗಳು ಶಾಲೆಯ ಉಗ್ರಾಣದಲ್ಲಿದ್ದವು. ಮಕ್ಕಳು ಪಾಸಾದರೆ ಎಲ್ ಹುಂಕಾಲಿನಿಂದ ಶಾಲೆಗೆ ಸೈಕಲ್ ಸಾಲು ಹೊರಡುತ್ತದೆ. ಹಿರಿಯರೊಂದಿಗೆ, ಇಪ್ಪತ್ತೇ ನಿಮಿಷದಲ್ಲಿ. ಇಲ್ಲದಿದ್ದರೆ ಕಾಲುವೆಯ ದಡದ ಮೇಲೆ ಐವತ್ತು ನಿಮಿಷ ನಡೆದೇ ಹೋಗಬೇಕು. ಕಳೆದ ವರ್ಷ ಅದೇ ದಡದಲ್ಲಿ ಕಳ್ಳರು ಇಬ್ಬರು ಹುಡುಗರ ಶೂ ಬಿಚ್ಚಿಸಿಕೊಂಡು ಬರಿಗಾಲಲ್ಲಿ ಕಳಿಸಿದ್ದರು. ಅಂದಿನಿಂದ ಎತೆಲ್ವಿನಾ ದಿನಾ ಮಧ್ಯಾಹ್ನ ಮಕ್ಕಳ ಜೊತೆ ಹೋಗಿ, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದಳು. ಈಗ ಬಲಮೊಣಕಾಲು ಕೈಕೊಟ್ಟಿತ್ತು. ನಡೆಯಬೇಡಿ, ಬೇಕಾದರೆ ಸೈಕಲ್ ತುಳಿಯಿರಿ ಎಂದಿದ್ದರು ಡಾಕ್ಟರು. ಸೈಕಲ್ಲುಗಳು ಹೋದರೆ ಮಕ್ಕಳು ಆ ದಡದ ಮೇಲೆ ತಾವೇ ನಡೆಯಬೇಕು.

ಲಿಸೆತ್ ಆಕಾಶ ನೋಡಿದಳು. ಬೆಟ್ಟದ ಕಡೆ ಮೋಡವಿತ್ತು. ಒಂದೋ ಎರಡೋ ಹನಿ ಬಿದ್ದಿರಬಹುದು. "ಮಳೆಯಿಂದ ಪರೀಕ್ಷೆ ಪೂರ್ತಿ ಆಗಲಿಲ್ಲ ಅಂತ ಬರೀತೀನಿ," ಎಂದು ಕತ್ತರಿ ಗುರುತುಗಳ ಹಾಳೆಯನ್ನು ಮಡಿಚಿ ಚೀಲದೊಳಗೆ ತಳ್ಳಿದಳು. "ಮುಂದಿನ ಗುರುವಾರ ಬರ್ತೀನಿ. ಅದಾದ ಮೇಲೆ ನನ್ನ ಕೈಲೂ ಏನೂ ಇಲ್ಲ."

ಸೋಮವಾರ ಬೆಳಗ್ಗೆ ಎತೆಲ್ವಿನಾ ಮಕ್ಕಳನ್ನು ದೀಪದ ಕಂಬದ ಹತ್ತಿರ ಸಾಲಾಗಿ ನಿಲ್ಲಿಸಿದಳು. ಜೊತೆಗೆ ಎಲಿಯೆಸೆರ್ ಇದ್ದ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ತರಬೇತಿಗೆ ಬಂದಾಗಲೆಲ್ಲ ಮೊದಲು ಮಾಡುವ ಕೆಲಸ, ಇಬ್ಬನಿಗೆ ಒದ್ದೆಯಾದ ಸೀಟುಗಳನ್ನೆಲ್ಲ ತನ್ನ ಕರವಸ್ತ್ರದಿಂದ ಒರೆಸುವುದು. ಮಾತು ಮಾತ್ರ ಅಷ್ಟು ಮೆತ್ತಗಲ್ಲ.

"ಯುರಾನಿ, ಆವತ್ತು ನೀನು ದಾಟಿದಾಗ ದೀಪ ಯಾವ ಬಣ್ಣ ಇತ್ತು?" ಎತೆಲ್ವಿನಾ ಕೇಳಿದಳು.

"ನೀವು ಕೈ ಎತ್ತಲಿಲ್ಲ, ಪ್ರೊಫೆ." ಮಕ್ಕಳಿಗೆಲ್ಲ ಆಕೆ ಪ್ರೊಫೆ, ಕಲಿಸುವವರನ್ನೆಲ್ಲ ಅವರು ಹಾಗೇ ಕರೆಯುವುದು.

"ನನ್ನ ಕೈ ಬಿಡು. ದೀಪ ಯಾವ ಬಣ್ಣ?"

"ನೋಡಲಿಲ್ಲ. ನೀವಿದ್ರಲ್ಲ."

"ನಾನು ಇಲ್ಲದಿದ್ರೆ?"

ಯುರಾನಿ ಯೋಚಿಸಿದಳು. "ನೀವು ಯಾಕಿರಲ್ಲ?"

ಎಲಿಯೆಸೆರ್ ಗಹಗಹಿಸಿ ನಕ್ಕ. "ಪಾಪ, ಮಗು ಸರಿಯಾಗೇ ಹೇಳ್ತಿದೆ. ನೀವು ಕಂಬದ ಕೆಳಗೆ ನಿಂತ ಮೇಲೆ ಕಂಬದ ಮೇಲಿರೋದು ಯಾರಿಗೆ ಬೇಕು?"

"ನಿಮಗೆ ನಗು ಬರ್ತಿದೆ, ಡೋನ್ ಎಲಿಯೆಸೆರ್. ನನಗೆ ಅಳು ಬರ್ತಿದೆ."

ಅವತ್ತು ಒಂದು ಗಂಟೆ ದೀಪ ನೋಡಿಸಿದಳು. ಕೆಂಪು ಎಂದರೆ ಏನು, ಹಸಿರು ಎಂದರೆ ಏನು. ಎಲ್ಲರೂ ಗಟ್ಟಿಯಾಗಿ ಹೇಳಿದರು. ಸ್ನೈಡರ್ ಹಳದಿಗೆ ಅರ್ಥವನ್ನೂ ಹೇಳಿದ, "ಹಳದಿ ಅಂದ್ರೆ ಬಸ್ಸಿನವರು ಜೋರಾಗಿ ಓಡಿಸಬೇಕು." ಆಮೇಲೆ ಸೈಕಲ್ ಹತ್ತಿಸಿದಳು. ಹತ್ತಿದ್ದೇ ತಡ, ಒಂಬತ್ತು ಜೊತೆ ಕಣ್ಣು ಮತ್ತೆ ಆಕೆಯ ಮೇಲೆ.

ಮಂಗಳವಾರ ಜಾಕೀಟು ಬಿಚ್ಚಿ ಚೀಲದಲ್ಲಿಟ್ಟಳು. ನಾಲ್ಕೈದು ಮಂದಿ ಕೂಡುರಸ್ತೆಯ ಹತ್ತಿರ ಬಂದು ಆಕೆಯನ್ನು ಹುಡುಕಿದರು, ಸಿಕ್ಕ ಮೇಲೆ ಹೊರಟರು. ಅದಕ್ಕೇ ಔಷಧಿ ಅಂಗಡಿಯ ಕಟ್ಟೆಯ ಹಿಂದೆ ಮರೆಯಾಗಿ ನಿಂತು ನೋಡಿದಳು. ಯುರಾನಿ ಸೈಕಲ್ ನಿಲ್ಲಿಸಿ, ಇಳಿದು, ಕಟ್ಟೆ ಸುತ್ತಿ ಬಂದು, "ಪ್ರೊಫೆ, ಇಲ್ಲಿದ್ದೀರಾ? ಹೋಗಲಾ?" ಎಂದು ಕೇಳಿದಳು.

ಎತೆಲ್ವಿನಾಗೆ ತಡೆಯಲಾಗಲಿಲ್ಲ. "ನನ್ನನ್ನೇನು ಕೇಳ್ತೀಯೇ? ನಾನೇನು ಕಂಬಾನಾ? ಮುಖ ಮೇಲೆತ್ತಿ ನೋಡೋಕೆ ಏನು ಕಷ್ಟ ನಿನಗೆ?"

ಹುಡುಗಿಯ ಮುಖ ಸಣ್ಣದಾಯಿತು. ಸೈಕಲ್ ತಳ್ಳಿಕೊಂಡು ವಾಪಸು ಹೋದಳು. ಎಂಟು ತಿಂಗಳಿಂದ ಕಾಲುವೆ ದಡದಲ್ಲಿ ಅದೇ ಹುಡುಗಿ ಆಕೆಯ ನೋಯುವ ಕಾಲಿನ ಕಡೆಗೇ ನಡೆಯುತ್ತಿದ್ದಳು, ಬೇಕಾದರೆ ಹೆಗಲು ಹಿಡಿದುಕೊಳ್ಳಲಿ ಎಂದು. ಅದು ಎತೆಲ್ವಿನಾಗೆ ಆಗಲೇ ನೆನಪಾಗಬೇಕಿತ್ತೆ? ತನ್ನ ಮೇಲೇ ಸಿಟ್ಟು ಬಂತು. ತರಬೇತಿ ಮುಗಿದ ಮೇಲೆ ಮಕ್ಕಳೆಲ್ಲ ಹೋದರೂ ಆಕೆ ಔಷಧಿ ಅಂಗಡಿಯ ಕಟ್ಟೆಯ ಮೇಲೇ ಕುಳಿತಿದ್ದಳು.

ಎಲಿಯೆಸೆರ್ ಬಂದು ಪಕ್ಕದಲ್ಲಿ ಕುಳಿತ. "ನಾಳೆ ನೀವು ಬರಬೇಡಿ," ಎಂದ.

"ಅಂದ್ರೆ?"

"ಬರಬೇಡಿ ಅಂದ್ರೆ ಬರಬೇಡಿ. ಮನೇಲಿರಿ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಕೊಳ್ಳಿ."

"ನಾನು ಕಲಿಸಿದ ಮಕ್ಕಳು ಅವರು."

"ಅದಕ್ಕೇ ಹೇಳ್ತಿರೋದು." ಕರವಸ್ತ್ರ ಮಡಿಸುತ್ತ ಸೇರಿಸಿದ, "ಮುಂದೆ ನಿಂತ್ರೆ ಅವರು ನನ್ನನ್ನೂ ನೋಡ್ತಾರೆ. ನಾನು ಹಿಂದೆ ಬರ್ತೀನಿ. ಇಷ್ಟು ವರ್ಷ ಸೈಕಲ್‌ನವರ ಹಿಂದೆ ಬಸ್ಸು ಓಡಿಸಿದ್ದೀನಿ, ಒಬ್ಬರೂ ತಿರುಗಿ ನನ್ನ ಮುಖ ನೋಡಿದ್ದಿಲ್ಲ."

ಬುಧವಾರ ಎತೆಲ್ವಿನಾ ಮನೆಯಲ್ಲೇ ಉಳಿದಳು. ಒಂಬತ್ತು ಗಂಟೆಗೆ, ಈಗ ಹೊರಟಿರುತ್ತಾರೆ ಅಂದುಕೊಂಡಳು. ಒಂಬತ್ತೂಕಾಲಿಗೆ, ಈಗ ದೀಪದ ಹತ್ತಿರ. ದೂರದಲ್ಲಿ ಯಾವುದೋ ಗಾಡಿ ಹಾರನ್ ಹೊಡೆಯಿತು. ಕೈಯಲ್ಲಿದ್ದ ಆಲೂಗಡ್ಡೆ ಹಾಗೇ ನಿಂತಿತು. ನಿನ್ನೆಯೇ ತಿಕ್ಕಿಟ್ಟಿದ್ದ ಪಾತ್ರೆಯನ್ನು ಮತ್ತೆ ತಿಕ್ಕಿದಳು. ಒಂದು ಕೂಡುರಸ್ತೆಯಲ್ಲಿ ಸಾವಿರ ಜನರನ್ನು ನಿಲ್ಲಿಸುವವಳನ್ನು ಒಬ್ಬ ಬಸ್ಸಿನವನು ಅಡುಗೆಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದ.

ಹನ್ನೊಂದಕ್ಕೆ ಎಲಿಯೆಸೆರ್ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಹೇಗಾಯ್ತು?"

"ಯಾರಿಗೂ ಏನೂ ಆಗಿಲ್ಲ."

"ಅದಲ್ಲ ಕೇಳಿದ್ದು. ದೀಪ ನೋಡಿದ್ರಾ?"

"ಕೆಲವರು ನೋಡಿದ್ರು. ಕೆಲವರು ನಿಮ್ಮನ್ನು ಹುಡುಕಿದ್ರು. ಯುರಾನಿ ನಿಮಗೆ ಹುಷಾರಿಲ್ವಾ ಅಂತ ನಾಲ್ಕು ಸಲ ಕೇಳಿದ್ಲು."

"ನೀವೇನು ಹೇಳಿದ್ರಿ?"

"ನಿಮಗೆ ಕೋಪ ಬಂದಿಲ್ಲ, ಕಾಲು ನೋವು ಅಂದೆ. ಸುಳ್ಳಲ್ವಲ್ಲ?"

ಗುರುವಾರ ಲಿಸೆತ್ ಹೇಳಿದ ಸಮಯಕ್ಕೆ ಬಂದಳು. ಎತೆಲ್ವಿನಾ ತಾನಾಗಿಯೇ, "ನಾನು ಬೇಕರಿಯೊಳಗಿರ್ತೀನಿ," ಎಂದಳು. ಲಿಸೆತ್ ಆಕೆಯ ಮೊಣಕೈ ಒತ್ತಿದಳು.

ಬೇಕರಿಯ ರುಬಿಯೆಲಾ ಕಿಟಕಿಗೆ ಬೆನ್ನು ಬರುವ ಹಾಗೆ ಒಂದು ಕುರ್ಚಿ ಹಾಕಿ, ಆಕೆಯ ಎದುರಿಗೆ ಬಿಸಿ ಬೆಲ್ಲದ ನೀರೂ ಒಂದು ಚೀಸ್ ಬನ್ನೂ ಇಟ್ಟಳು. "ತಿರುಗಬೇಡಿ ಅಕ್ಕಾ. ನಿಮ್ಮ ಮುಖ ಕಂಡ್ರೆ ಕೆಟ್ಟಿತು. ನಾನೇ ನೋಡಿ ಹೇಳ್ತೀನಿ."

"ಮೊದಲು ಯಾರು?"

"ಯುರಾನಿ. ಹೊರಟ್ಲು. ರಸ್ತೆ ಬಲಬದಿಗೇ, ಎಲ್ಲಾ ಗಾಡಿ ಹೋಗೋ ಕಡೆಗೇ ಹೋಗ್ತಿದ್ದಾಳೆ, ಚೆನ್ನಾಗಿ. ದೀಪ ಕೆಂಪು." ರುಬಿಯೆಲಾ ಕಿಟಕಿಗೆ ಇನ್ನಷ್ಟು ಬಗ್ಗಿದಳು. "ನಿಂತ್ಲು ಅಕ್ಕಾ. ಒಂದು ಕಾಲು ನೆಲಕ್ಕೆ ಊರಿ ನಿಂತ್ಲು."

ಎತೆಲ್ವಿನಾ ಬನ್ನಿನ ಒಂದು ತುಂಡು ಮುರಿದಳು. ವಾರದಲ್ಲಿ ಮೊದಲ ಸಲ ಹಸಿವಾದಂತಿತ್ತು.

"ಹಸಿರಾಯ್ತು," ಎಂದಳು ರುಬಿಯೆಲಾ.

"ಹೋದಳಾ?"

"ಇಲ್ಲ. ನಿಂತಿದ್ದಾಳೆ."

"ಹಸಿರು ಅಂದ್ಯಲ್ಲ?"

"ಹಸಿರೇ. ಅವಳು ಆಕಡೆ ಈಕಡೆ ನೋಡ್ತಿದ್ದಾಳೆ. ಅಯ್ಯೋ, ಮತ್ತೆ ಕೆಂಪಾಯ್ತು. ಹಿಂದಿನಿಂದ ಸ್ನೈಡರ್ ಬಂದ. ಅವನೂ ನಿಂತ. ಇನ್ನೊಬ್ಬ ಬಂದ."

ಎತೆಲ್ವಿನಾಗೆ ನೋಡದೆಯೂ ಕಾಣುತ್ತಿತ್ತು. ನಿಲ್ಲುವುದನ್ನು ದೀಪದಿಂದ ಕಲಿತಿದ್ದರು. ಹೊರಡುವುದಕ್ಕೆ ಇನ್ನೂ ತನ್ನ ಕೈ ಬೇಕಾಗಿತ್ತು. ಎಂಟು ಭಾನುವಾರವೂ ತಾನು ಹಲಗೆ ತಿರುಗಿಸದೆ ಒಂದು ಮಗುವೂ ಚಕ್ರ ಉರುಳಿಸಬಾರದು ಎಂದು ಗದರಿಸಿ ಗದರಿಸಿ ಹೇಳಿದ್ದವಳು ತಾನೇ.

ಎರಡನೆಯ ಹಸಿರೂ ಬಂದು ಹೋಯಿತು. ಸಾಲಿನಲ್ಲಿ ಈಗ ಏಳು ಸೈಕಲ್ಲು. ಹಿಂದೆ ಒಂದು ಬಸ್ಸು ಉದ್ದಕ್ಕೆ ಹಾರನ್ ಒತ್ತಿತು. "ಲಿಸೆತಮ್ಮ ಪೆನ್ಸಿಲು ಕಚ್ಚಿಕೊಂಡು ನಿಂತಿದ್ದಾಳೆ," ಎಂದಳು ರುಬಿಯೆಲಾ. "ನಿಮ್ಮ ಬಸ್ಸಿನವರು ಎದುರು ಕಟ್ಟೆ ಮೇಲೆ ಕೂತು ತಮ್ಮ ಬೂಟನ್ನೇ ನೋಡ್ಕೋತಿದ್ದಾರೆ."

ಎತೆಲ್ವಿನಾ ಎದ್ದಳು. ಬಾಗಿಲವರೆಗೆ ನಾಲ್ಕು ಹೆಜ್ಜೆ. ಹೊಸ್ತಿಲಲ್ಲಿ ನಿಂತು ಕೈ ಒಂದು ಸಲ ಎತ್ತಿದರೆ ಸಾಕು, ಒಂಬತ್ತೂ ಮಕ್ಕಳು ಹಾರಿಕೊಂಡು ಹೋಗುತ್ತಾರೆ. ಹತ್ತು ಸೈಕಲ್ಲೂ ಹೋಗುತ್ತವೆ. ಶಾಲಿನೊಳಗೆ ಕೈ ತಾನಾಗಿಯೇ ಮೇಲೇಳುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗೆ ಒತ್ತಿಕೊಂಡಳು.

"ಅಕ್ಕಾ," ಎಂದಳು ರುಬಿಯೆಲಾ. ಅವಳು ಬನ್ನಿನ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಅಡ್ಡ ಬಂದಿದ್ದಳು. ತಳ್ಳಲಿಲ್ಲ, ಬೈಯಲಿಲ್ಲ, ಅಲ್ಲಿಯೇ ಏನೋ ಕೆಲಸವಿದ್ದವಳ ಹಾಗೆ ತಟ್ಟೆ ಜೋಡಿಸತೊಡಗಿದಳು.

"ಬೆಪ್ಪು ಹುಡುಗಿ," ಎತೆಲ್ವಿನಾ ಹಲ್ಲು ಕಚ್ಚಿ ಹೇಳಿದಳು. "ಹೋಗೇ. ಹಸಿರಾದ್ರೆ ಹೋಗೇ."

ರುಬಿಯೆಲಾಳ ಭುಜದ ಸಂದಿಯಿಂದ ರಸ್ತೆಯ ಒಂದು ಚೂರು ಕಾಣುತ್ತಿತ್ತು. ಯುರಾನಿಯ ಬೆನ್ನು. ಬೆನ್ನಿನ ಮೇಲೆ ಅಂಟಿಸಿದ ಒಂದನೇ ನಂಬರಿನ ಚೀಟಿ. ಹುಡುಗಿ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಔಷಧಿ ಅಂಗಡಿಯ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಪ್ರೊಫೆ ಇರಲಿಲ್ಲ. ಹಿಂದಿನಿಂದ ಸ್ನೈಡರ್ ಏನೋ ಹೇಳಿದ. ಅವಳು ತಿರುಗಿ ಅವನಿಗೆ ಏನೋ ಬೈದಳು. ಆಮೇಲೆ ಮುಖ ಮೇಲೆತ್ತಿ ದೀಪವನ್ನೇ ದಿಟ್ಟಿಸಿದಳು, ಕುತ್ತಿಗೆ ನೋಯುವಷ್ಟು ಹೊತ್ತು.

ಹಸಿರಾಯಿತು. ಇನ್ನೂ ಒಂದು ಗಳಿಗೆ ಕಾದಳು. ಊರಿದ್ದ ಕಾಲೆತ್ತಿ ಪೆಡಲಿನ ಮೇಲಿಟ್ಟಳು. ಹೊರಟಳು.

ಅವಳ ಹಿಂದೆ ನಾಲ್ವರು ದಾಟಿದರು. ಅಷ್ಟರಲ್ಲಿ ಹಳದಿಯಾಯಿತು, ಆರನೆಯವಳು ನಿಂತಳು. ಯಾರೂ ಹೇಳದೆ ನಿಂತಳು, ಮುಂದಿನ ಹಸಿರಿಗೆ ಯಾರೂ ಹೇಳದೆ ಹೊರಟಳು. ಉಳಿದ ಮೂವರೂ ಅವಳ ಹಿಂದೆ.

ಎತೆಲ್ವಿನಾ ಕುರ್ಚಿಗೆ ವಾಪಸು ಬಂದು ಕುಳಿತಳು. ಬೆಲ್ಲದ ನೀರು ಆರಿತ್ತು. ರುಬಿಯೆಲಾ ಕೇಳದೆಯೇ ಅದನ್ನು ಚೆಲ್ಲಿ ಬೇರೆ ತಂದಿಟ್ಟಳು.

ಸ್ನೈಡರ್ ಮತ್ತೆ ಹಳದಿ ಗೆರೆಯ ಮೇಲೇ ವಾಪಸು ಬಂದಿದ್ದ, ಅವನೊಬ್ಬ ಫೇಲು. ಎಂಟು ಮಂದಿ ಪಾಸು.

"ಹಸಿರಲ್ಲಿ ನಿಂತಿದ್ದಕ್ಕೆ ಗುರುತು ಹಾಕಲಿಲ್ವಾ?" ಎತೆಲ್ವಿನಾ ಕೇಳಿದಳು.

"ಹಾಕೋಕೆ ಹಾಳೇಲಿ ಜಾಗ ಇಲ್ಲ, ಡೋನ್ಯಾ. ಕೆಂಪಲ್ಲಿ ಹೋದ್ರೆ ತಪ್ಪು ಅಂತಿದೆ. ಹಸಿರಲ್ಲಿ ಹೋಗದಿದ್ರೆ ಏನು ಅಂತ ಯಾರೂ ಬರೆದಿಲ್ಲ." ಲಿಸೆತ್ ಸೈಕಲ್ಲುಗಳ ಕಾಗದಕ್ಕೆ ಸಹಿ ಹಾಕಿದಳು. "ಆದ್ರೆ ನನ್ನದೊಂದು ಷರತ್ತು. ಸಾಲಿನಲ್ಲಿ ಡೋನ್ ಎಲಿಯೆಸೆರ್ ಮುಂದೆ ಇರಲಿ, ಅವರ ಕೈ ಯಾರೂ ನೋಡಲ್ಲ. ನೀವು ಕೊನೇಲಿ ಬರಬೇಕು. ಕೈ ಎತ್ತೋ ಹಾಗಿಲ್ಲ, ಮಾತೂ ಇಲ್ಲ. ದೀಪ ಹೇಳಿದ್ದನ್ನ ನೀವು ಹೇಳಬಾರದು."

"ಒಂದು ಮಾತೂ?"

"ಒಂದೂ."

ಸೋಮವಾರ ಮಧ್ಯಾಹ್ನ ಮೊದಲ ಸಾಲು ಹೊರಟಿತು. ಮುಂದೆ ಎಲಿಯೆಸೆರ್, ಅವನ ಹಿಂದೆ ಎಂಟು ಮಕ್ಕಳು, ಎಲ್ಲರಿಗಿಂತ ಹಿಂದೆ ಎತೆಲ್ವಿನಾ. ಇನ್ನೊಮ್ಮೆ ಪರೀಕ್ಷೆ ಆಗುವವರೆಗೆ ಸ್ನೈಡರ್ ಎಲಿಯೆಸೆರನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ಕಾಲು ಇಳಿಬಿಟ್ಟುಕೊಂಡು, ರಾಜನ ಹಾಗೆ. ಎತೆಲ್ವಿನಾಗೆ ಎಂಟು ಬೆನ್ನು ಕಾಣುತ್ತಿದ್ದವು. ಒಬ್ಬನ ಶೂ ದಾರ ಬಿಚ್ಚಿತ್ತು. ಒಬ್ಬಳ ಚೀಲ ಒಂದು ಕಡೆ ಜಗ್ಗಿತ್ತು. ಹೇಳಬೇಕಾದ್ದು ಬಾಯಿ ತುಂಬ ಇತ್ತು, ನುಂಗಿಕೊಂಡು ತುಳಿದಳು.

ದೀಪದ ಹತ್ತಿರ ಹಸಿರಿತ್ತು. ಎಲಿಯೆಸೆರ್ ದಾಟಿದ. ಯುರಾನಿ ದೀಪ ನೋಡಿ ದಾಟಿದಳು. ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಕೊನೆಯ ಬೆನ್ನು ಆಚೆ ಸೇರಿತು. ಎತೆಲ್ವಿನಾಳ ಮುಂದಿನ ಚಕ್ರ ಬಿಳಿಗೆರೆಗೆ ಬರುವಷ್ಟರಲ್ಲಿ ಕೆಂಪಾಯಿತು. ಕಾಲು ತನ್ನ ಪಾಡಿಗೆ ಇನ್ನೊಂದು ಸುತ್ತು ತುಳಿದಿತ್ತು. ಬ್ರೇಕು ಹಿಡಿದಳು. ಟ್ರಕ್ಕೊಂದು ಮೂಗಿನ ಮುಂದೆಯೇ ಹಾದುಹೋಯಿತು.

ಆಚೆ ಬದಿಯಲ್ಲಿ ಸಾಲು ನಿಂತು ಕಾಯುತ್ತಿತ್ತು.

"ಪ್ರೊಫೆ, ಬೇಗ ಬನ್ನಿ. ಗಂಟೆ ಹೊಡೆಯುತ್ತೆ," ಸ್ನೈಡರ್ ಕೂಗಿದ.

"ಸುಮ್ನಿರೋ," ಯುರಾನಿ ಅವನನ್ನು ಗದರಿದಳು. "ಕಾಣಲ್ವಾ? ಅವರಿಗೆ ಕೆಂಪಿದೆ."

ಎತೆಲ್ವಿನಾ ಒಂದು ಕಾಲು ನೆಲಕ್ಕೆ ಊರಿ ನಿಂತಳು. ಬಸ್ಸುಗಳು ಹೋದವು, ಒಂದು ಸಿಮೆಂಟಿನ ಲಾರಿ ಹೋಯಿತು, ಹಾಲಿನವನ ಸೈಕಲ್ಲೂ ಹೋಯಿತು. ಆಮೇಲೆ ಅಡ್ಡರಸ್ತೆಯಲ್ಲಿ ಏನೂ ಇರಲಿಲ್ಲ, ಆದರೂ ದೀಪ ಕೆಂಪಗೇ ಇತ್ತು. ಈ ಹಾಳು ಕೆಂಪು ದೀಪಗಳು ಇಷ್ಟು ಹೊತ್ತು ಉರಿಯುತ್ತವೆಂದು ಆರು ವರ್ಷ ಕೂಡುರಸ್ತೆಯಲ್ಲಿ ನಿಂತರೂ ಆಕೆಗೆ ಗೊತ್ತೇ ಇರಲಿಲ್ಲ.